ಸುಳ್ಳೆಂದು ಬರೆದದ್ದು

ಬಸವೇಶ್ವರನಗರದ ಡಬ್ಬಿಂಗ್ ಸ್ಟುಡಿಯೋದಲ್ಲಿ ರಂಜಿನಿಗೆ ಅದು ಮೂರನೆಯ ದಿನ. ಚಿತ್ರ ಒಂದು ರಾಕ್ ಬ್ಯಾಂಡಿನ ಕತೆ. ಗಾಯಕಿ ತಾರಾ ತನ್ನ ಬ್ಯಾಂಡಿನ ಗಿಟಾರ್ ವಾದಕನನ್ನು ಮೋಹಿಸಿ, ಹಾಸಿಗೆಗೆ ಎಳೆದು, ಕೊನೆಗೆ ಕೊಲ್ಲುತ್ತಾಳೆ. ಮುಂಬೈಯಿಂದ ಬಂದಿದ್ದ ನಾಯಕಿಗೆ ಕನ್ನಡ ಬಾರದು. ಅವಳ ತುಟಿಗೆ ರಂಜಿನಿ ಮಾತು ಕೊಡಬೇಕು. ಹಾಡಿ ಹಾಡಿ ಒರಟಾದ ಗಂಟಲೇ ಬೇಕೆಂದು ಗದಗದ ಕಡೆಯ ನಿರ್ದೇಶಕ ಫಕೀರೇಶ ಅವಳನ್ನು ಹುಡುಕಿಕೊಂಡು ಬಂದಿದ್ದ.

ರಂಜಿನಿಯೂ ಒಂದು ಕಾಲಕ್ಕೆ ಬ್ಯಾಂಡಿನಲ್ಲಿ ಹಾಡುತ್ತಿದ್ದವಳೇ. ಹೇರೋಹಳ್ಳಿಯ ಶಶಿಕುಮಾರನ ಮನೆಯ ಹಿಂದೆ, ದನಗಳನ್ನು ಮಾರಿದ ಮೇಲೆ ಖಾಲಿಬಿದ್ದಿದ್ದ ಕೊಟ್ಟಿಗೆಯಲ್ಲಿ ಅವರ ಅಭ್ಯಾಸ ನಡೆಯುತ್ತಿತ್ತು. ಶಶಿ ಗಿಟಾರ್ ನುಡಿಸುತ್ತಿದ್ದ, ಹಾಡು ಬರೆಯುತ್ತಿದ್ದ. ಉಳಿದವರು ಹೊರಟ ಮೇಲೂ ಇಬ್ಬರೂ ಅಲ್ಲೇ ಉಳಿಯುತ್ತಿದ್ದರು. ನಾಲ್ಕು ವರ್ಷ ಹಾಗೇ ಕಳೆಯಿತು. ಎರಡು ವರ್ಷದ ಹಿಂದೆ ಅವಳು ಬಸಿರಾದಳು. ಮೂರು ತಿಂಗಳಿಗೆ ಅದು ಹೋಯಿತು. ಇನ್ನೊಂದು ತಿಂಗಳಿಗೆ ಶಶಿಯೂ ಹೋದ. ಜಗಳವಿಲ್ಲ, ಒಂದು ಮಾತಿಲ್ಲ. ಮಗು ಹೋದ ಸಂಕಟ ತಡೆಯಲಾರದೆ ದೂರವಾದ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಆ ಒಂದು ನಂಬಿಕೆಗೆ ಕಟ್ಟುಬಿದ್ದು ಅವನನ್ನು ಯಾರೆದುರೂ ಬೈದಿರಲಿಲ್ಲ.

ಆ ಬೆಳಿಗ್ಗೆ ಹಾಸಿಗೆಯ ದೃಶ್ಯ. ಮಾತು ಕಡಿಮೆ, ಉಸಿರೇ ಜಾಸ್ತಿ. ಪರದೆಯ ಮೇಲೆ ತಾರಾ ಬೋರಲು ಮಲಗಿದ್ದಳು. ಗಿಟಾರಿನವನು, ಗಿಟಾರಿನ ಕತ್ತಿನ ಮೇಲಿನ ಫ್ರೆಟ್ ಪಟ್ಟಿಗಳನ್ನು ಎಣಿಸುವಂತೆ, ಅವಳ ಬೆನ್ನುಮೂಳೆಯ ಮೇಲೆ ಬೆರಳೂರುತ್ತ ಕೆಳಗಿಳಿದ. “ಇದು ಒಂದನೇ ಫ್ರೆಟ್, ಇದು ಎರಡನೇದು. ಏಳನೇದ್ರಲ್ಲಿ ನೀನು ನಗ್ತೀಯ ನೋಡು.”

ರಂಜಿನಿ ಹೆಡ್‌ಫೋನ್ ತೆಗೆದಳು. ಕೊಟ್ಟಿಗೆಯಲ್ಲಿ ಶಶಿ ಆಡುತ್ತಿದ್ದ ಮಾತು, ಅಕ್ಷರಕ್ಕೆ ಅಕ್ಷರ ಅದೇ.

“ಇದನ್ನ ಬರ್ದಿದ್ದು ಯಾರು ಸಾರ್?”

“ಕತಿ, ಡೈಲಾಗ್ ಎಲ್ಲಾ ಒಬ್ಬರದ ರೀ. ಶಶಿಕುಮಾರ್ ಅಂತ,” ಎಂದ ಫಕೀರೇಶ. “ಮಧ್ಯಾಹ್ನ ಬರ್ತಾರ, ಭೆಟ್ಟಿ ಆಗ್ರಿ.”

ಅವಳಿಗೆ ಮೊದಲು ಆದದ್ದು ಸಿಟ್ಟಲ್ಲ, ಖುಷಿ. ಮರೆತಿಲ್ಲ ಇವನು! ಆ ದೃಶ್ಯದ ಉಸಿರನ್ನೆಲ್ಲ ಒಂದೇ ಟೇಕಿನಲ್ಲಿ ಮುಗಿಸಿದಳು. ಕಣ್ಣು ಮುಚ್ಚಿಕೊಂಡೇ ಮುಗಿಸಿದಳು.

ಮುಂದಿನ ದೃಶ್ಯ ಮಹಡಿಯ ಮೇಲೆ. ತಾರಾ ಚಾಕು ಹಿಡಿದು ನಗುತ್ತಾಳೆ. ಹಾಳೆಯಲ್ಲಿ ಅವಳ ಮಾತಿತ್ತು: “ಮಗುನಾ? ಯಾವ ಮಗು? ನಿನ್ನ ಕಟ್ಟಿಹಾಕೋಕೆ ಹೇಳಿದ ಸುಳ್ಳು ಕಣೋ ಅದು. ಹೋಯ್ತು ಅಂತ ಅತ್ತಿದ್ದೂ ಸುಳ್ಳೇ.”

ಓದಿದಳು. ಇನ್ನೊಮ್ಮೆ ಓದಿದಳು. ಹಾಳೆ ಹಿಡಿದುಕೊಂಡೇ ಮೈಕು ಬಿಟ್ಟು ಹೊರಗೆ ಬಂದಳು.

ಶಶಿ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಅವಳೇ ಧ್ವನಿ ಕೊಡುತ್ತಿರುವುದು ಅವನಿಗೆ ಗೊತ್ತಿರಲಿಲ್ಲ. ಅವಳನ್ನೂ ಅವಳ ಕೈಯಲ್ಲಿದ್ದ ಹಾಳೆಯನ್ನೂ ಕಂಡವನೇ ಅಲ್ಲೇ ನಿಂತುಬಿಟ್ಟ.

“ರಂಜೂ... ಸಿನಿಮಾ ಕಣೇ ಅದು. ಥ್ರಿಲ್ಲರ್‌ಗೆ ಒಂದು ಟ್ವಿಸ್ಟ್ ಬೇಕಿತ್ತು.”

“ಟ್ವಿಸ್ಟ್ ಬಿಡು. ಒಂದು ಹೇಳು. ಅವತ್ತು ನಾನು ಹೇಳಿದ್ದನ್ನ ನೀನು ನಂಬಿದ್ಯಾ?”

ಅವನು ರಸ್ತೆಯ ಕಡೆ ನೋಡಿದ. “ಆಸ್ಪತ್ರೆ ಚೀಟಿ ಒಂದೂ ತೋರಿಸ್ಲಿಲ್ಲ ನೀನು. ಮಾರನೇ ದಿನಾನೇ ಬಂದು ಸ್ಟೇಜ್ ಮೇಲೆ ಹಾಡ್ದೆ. ಹೊಟ್ಟೇಲಿರೋದನ್ನ ಕಳ್ಕೊಂಡೋಳು ಹಾಗೆ ಹಾಡ್ತಾಳಾ ಅಂತ...”

“ಕೆಂಗೇರಿ ಶೋಗೆ ನೀನು ಒಂದು ವರ್ಷ ಕಾದಿದ್ದೆ ಕಣೋ. ನನ್ನಿಂದ ಅದು ಹಾಳಾಗ್ಬಾರ್ದು ಅಂತ ಬಂದೆ. ಕಪ್ಪು ಪ್ಯಾಂಟ್ ಹಾಕ್ಕೊಂಡಿದ್ದೆ, ರಕ್ತ ಕಾಣದೇ ಇರ್ಲಿ ಅಂತ.”

ಶಶಿ ಹಾಳೆಗೆ ಕೈ ಚಾಚಿದ. ಅವಳು ಕೊಡಲಿಲ್ಲ.

“ಒಂದೇ ಒಂದು ಸಲ ಕೇಳಿದ್ರೆ ಆಗ್ತಿತ್ತಲ್ಲ ಶಶಿ.”

“ಆ ಡೈಲಾಗ್ ತೆಗೆಸ್ತೀನಿ,” ಎಂದ ಅವನು, ಮೆಲ್ಲಗೆ.

ಅವಳು ಎದ್ದಳು. ಒಳಗೆ ಹೋಗಿ, ಇನ್ನು ತನ್ನಿಂದಾಗದು ಎಂದು ಫಕೀರೇಶನಿಗೆ ಹೇಳಿದಳು. ಅವನು ಸಿಡುಕಿದ, ಆಮೇಲೆ ಬೇಡಿಕೊಂಡ. ಅವಳು ಬ್ಯಾಗು ತೆಗೆದುಕೊಂಡು ಹೊರಟಳು.

ಆರ್‌ಪಿಸಿ ಲೇಔಟಿನ ಮನೆಯಲ್ಲಿ ಅವ್ವ ಚಿಕ್ಕಗಂಗಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ರಂಜಿನಿ ಪಕ್ಕದಲ್ಲಿ ಕೂತು ತಾನೂ ನಾಲ್ಕು ಕಾಯಿ ಸುಲಿದಳು. ಆಮೇಲೆ ಎಲ್ಲವನ್ನೂ ಹೇಳಿದಳು, ತಲೆ ಎತ್ತದೆ. ಕೂಗಾಟ ಆಗಬಹುದು, ಕೆನ್ನೆಗೊಂದು ಬೀಳಬಹುದು ಎಂದುಕೊಂಡಿದ್ದಳು.

ಅವ್ವ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. “ಎಷ್ಟು ತಿಂಗ್ಳಾಗಿತ್ತು?”

“ಮೂರು.”

“ಆಗ ಯಾರಿದ್ರು ನಿನ್ ಜೊತೆ?”

“ಯಾರೂ ಇಲ್ಲ.”

ಚಿಕ್ಕಗಂಗಮ್ಮ ಮೊರವನ್ನು ಸರಿಸಿ ಎದ್ದಳು. ಹರಳೆಣ್ಣೆ ಬೆಚ್ಚಗೆ ಮಾಡಿದಳು, ಹಂಡೆ ತುಂಬ ನೀರು ಕಾಯಿಸಿದಳು. ಮಗಳನ್ನು ಬಚ್ಚಲಲ್ಲಿ ಕೂರಿಸಿ, ನೆತ್ತಿಗೆ ಎಣ್ಣೆ ಒತ್ತಿ, ಬಾಣಂತಿಗೆ ಹುಯ್ಯುವಂತೆ ಸೊಂಟದ ಮೇಲೆ ಚೊಂಬು ಚೊಂಬು ಬಿಸಿನೀರು ಹುಯ್ದಳು.

“ಅವಾಗ್ಲೇ ಮಾಡ್ಬೇಕಿತ್ತು ಕಣವ್ವ,” ಎಂದಳು. “ಒಂದು ಮಾತು ಹೇಳ್ಬಾರ್ದಾಗಿತ್ತಾ ನಂಗೆ?”

ಎರಡು ವರ್ಷದಲ್ಲಿ ಮೊದಲ ಸಲ ರಂಜಿನಿ ದನಿ ತೆಗೆದು ಅತ್ತಳು. ಅವ್ವ ಸಮಾಧಾನ ಹೇಳಲಿಲ್ಲ. ಅವಳೂ ಅಳುತ್ತಲೇ ನೀರು ಹುಯ್ಯುತ್ತಿದ್ದಳು.

ಚಿತ್ರ ಯುಗಾದಿಯ ಹೊತ್ತಿಗೆ ಬಿಡುಗಡೆಯಾಯಿತು. ತಾರಾಳಿಗೆ ಬೇರೆ ಯಾರದೋ ಧ್ವನಿ. ರಂಜಿನಿ ನೋಡಲು ಹೋಗಲಿಲ್ಲ. ನೋಡಿ ಬಂದ ಹಳೆಯ ಗೆಳತಿಯೊಬ್ಬಳು, ಮಹಡಿಯ ಮೇಲಿನ ‘ಯಾವ ಮಗು?’ ಮಾತಿಗೆ ಚಿತ್ರಮಂದಿರದಲ್ಲಿ ಭಾರಿ ಶಿಳ್ಳೆ ಬಿತ್ತು ಎಂದು ಹೇಳಿದಳು.