ಕೇಳುವವರು ಎದ್ದು ಹೋದ ಮೇಲೆ

ಅಜ್ಜಿ ಪದ ಹೇಳುವಾಗ ಚಾಪೆಯ ಮೇಲೆ ಕೂತವರು ನಡುನಡುವೆ "ಮಾಲಿಯೇ!" ಎಂದು ಮೆಚ್ಚಬೇಕು. ಆ ದನಿ ಬಾರದಿದ್ದರೆ ಅಜ್ಜಿ ನಿಲ್ಲಿಸಿಬಿಡುತ್ತಿದ್ದಳು. "ಕೇಳೋರು ಎದ್ದು ಹೋದ್ರೆ ಉಳಿದ ಪದ ಬಾಯಲ್ಲೇ ಇಟ್ಕೋಬೇಕು, ಲೊಸೆ. ಗಾಳಿಗೆ ತೂರಬಾರದು."

ದ್ವೀಪನಾಡಿನ ರಾಜಧಾನಿ ನುಕುಅಲೋಫಾದ ನಮ್ಮ ಆಫೀಸಿನ ಪ್ರೋಗ್ರಾಮಿನಲ್ಲಿ ನಾನು ಬರೆದದ್ದೂ ಅದನ್ನೇ. ಮೀನುದೋಣಿಗಳ ಸಂದೇಶಗಳನ್ನು ಥ್ರೆಡ್ ಎಂಬ ಹಲವು ಕೆಲಸದ ಎಳೆಗಳು ಒಟ್ಟೊಟ್ಟಿಗೇ ಹಿಡಿದು, ಚಾನೆಲ್ ಎಂಬ ಒಂದೇ ಕೊಳವೆಗೆ ಹಾಕುತ್ತವೆ. ಆಚೆ ತುದಿಯಲ್ಲಿ ಇನ್ನೊಂದು ಥ್ರೆಡ್ ಅವನ್ನು ತೆಗೆದು ಬಂದರಿಗೆ ಕಳಿಸುತ್ತದೆ. ಪ್ರೋಗ್ರಾಂ ನಿಲ್ಲಿಸುವಾಗ ಆಚೆ ತುದಿ ಮೊದಲೇ ಮುಚ್ಚಿದರೆ, ಹಾಕಿದ್ದು ಎರರ್ ಆಗಿ ಮರಳುತ್ತದೆ. ಮರಳಿದ್ದನ್ನು ಡಿಸ್ಕಿನಲ್ಲಿ ಎತ್ತಿಟ್ಟು, ಮತ್ತೆ ಶುರುವಾದಾಗ ಕಳಿಸು ಎಂಬುದು ನನ್ನ ಸಾಲು. ನನಗೆ ಕೆಲಸ ಕಲಿಸಿದ ಕೆಪುಎಲಿ ಅಣ್ಣ ಅದನ್ನು ನೋಡಿ ಬೆನ್ನು ತಟ್ಟಿದ್ದ. ಆಫೀಸಿನಲ್ಲಿ ಪ್ರಾರ್ಥನೆ ನಡೆಸುವವನೂ ಅವನೇ.

ನಾನು ಚಿಕ್ಕಪ್ಪನ ಮಗಳ ಮದುವೆಗೆ ವವಾಉ ದ್ವೀಪಕ್ಕೆ ಹೋಗಿ ಬರುವಷ್ಟರಲ್ಲಿ ಅನಾಹುತವಾಗಿತ್ತು. ಹೊಸ ಆವೃತ್ತಿ ಹಾಕಲು ಪ್ರೋಗ್ರಾಂ ನಿಲ್ಲಿಸಿದ ಗಳಿಗೆಯಲ್ಲೇ ಒಂದು ದೋಣಿ "ಎಂಜಿನ್ ಸತ್ತಿದೆ" ಎಂದು ಕಳಿಸಿತ್ತು. ಆ ಸಂದೇಶ ಎಲ್ಲಿಗೂ ಮುಟ್ಟಲಿಲ್ಲ. ತೇಲಿಹೋಗಿದ್ದವರನ್ನು ಮರುದಿನ ಬೇರೆ ದೋಣಿಯವರು ಕಂಡರು. ತುಟಿ ಒಡೆದಿತ್ತು, ಜೀವವಿತ್ತು.

ನಮ್ಮ ಮೇಲಿನವರಾದ ಮೆಲೆನೈತೆ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿದರು. ಕೆಪುಎಲಿ ಪ್ರಾರ್ಥನೆ ಹೇಳಿದ. ಆಮೆನ್ ಎಂದೆವು.

"ನಿಲ್ಲಿಸೋ ಭಾಗ ಯಾರದ್ದು?" ಎಂದರು ಮೆಲೆನೈತೆ.

"ಲೊಸೆದು," ಎಂದ ಕೆಪುಎಲಿ. "ಪಾಪ, ಇನ್ನೂ ಕಲೀತಿದಾಳೆ."

"ಹಾಗಿದ್ರೆ ದೋಣಿ ಕೆಲಸ ನಿನ್ನ ಕೈಲಿ ಬಿಡೋಕಾಗಲ್ಲ, ಲೊಸೆ."

ನಾನು ಲ್ಯಾಪ್‌ಟಾಪ್ ತೆರೆದೆ. ನನ್ನ ಸಾಲಿದ್ದ ಜಾಗದಲ್ಲಿ, ಎರರ್ ಬಂದರೆ ಸುಮ್ಮನೆ ಬಿಸಾಡುವ ಸಾಲಿತ್ತು.

"ಅಣ್ಣಾ, ಎತ್ತಿಡೋ ಸಾಲು ಎಲ್ಲಿ?"

ಅವನು ಕತ್ತು ತುರಿಸಿಕೊಂಡ. "ನಿಲ್ಲಿಸಿದಾಗೆಲ್ಲ ಪರದೆ ತುಂಬ ಕೆಂಪು. ಬಂದರಿನೋರು ಸಿಡುಕ್ತಿದ್ರು. ನಿಲ್ಲಿಸುವಾಗ ಬರೋ ಎರರ್ ಯಾರಿಗೆ ಬೇಕು ತಂಗೀ? ಎಲ್ಲಾರೂ ಬಿಸಾಕ್ತಾರೆ. ನೀನು ಮದುವೇಲಿ ಹಂದಿಮಾಂಸ ಮೆಲ್ತಾ ಕೂತಿದ್ದೆ, ಕೇಳೋದು ಹ್ಯಾಗೆ?"

"ಮೆಲ್ಲೋ ಬಾಯಿ ಫೋನಲ್ಲಿ ಮಾತಾಡಲ್ವಾ? ಹೋಗ್ಲಿ, ನೀನು ತೆಗೆದೆ. ಈಗ ನನ್ನ ಹೆಸರು ಯಾಕೆ ಹೇಳ್ದೆ?"

ಅವನು ಚಾಪೆಯ ಅಂಚು ನೋಡಿದ. ಮೆಲೆನೈತೆ ಅವನನ್ನು ನೋಡಿದರು.

"ದೋಣಿ ಕೆಲಸ ಲೊಸೆ ಹತ್ರಾನೇ ಇರ್ಲಿ," ಎಂದರು.

ನಾನು ಅಲ್ಲೇ ನನ್ನ ಸಾಲನ್ನು ಮತ್ತೆ ಬರೆದೆ. ಅದರ ಮೇಲೆ ಇನ್ನೊಂದನ್ನು ಸೇರಿಸಿದೆ: ಮೊದಲು ಕಳಿಸುವವರು ನಿಲ್ಲಲಿ, ಕೊಳವೆ ಬರಿದಾಗಲಿ, ಆಮೇಲೆ ಆಚೆ ತುದಿ ಮುಚ್ಚಲಿ.

ಏಳುವ ಮುಂಚೆ ಕೆಪುಎಲಿ ಮತ್ತೆ ಪ್ರಾರ್ಥಿಸಿದ, ಅದೇ ಜೇನಿನಂಥ ದನಿಯಲ್ಲಿ. ಉಳಿದವರೆಲ್ಲ ಆಮೆನ್ ಎಂದರು. ಅವನು ಕಣ್ಣು ಮುಚ್ಚಿಕೊಂಡೇ ಇನ್ನಷ್ಟು ಹೊತ್ತು ಕಾದ. ನನ್ನ ಆಮೆನ್ ನನ್ನ ಬಾಯಲ್ಲೇ ಉಳಿಯಿತು.