ಎರಡು ಬೆರಳಿನ ಕ್ಲಚ್ಚು

ಹಳೇ ಮೋಟರ್‌ಸೈಕಲ್ ಇಟ್ಟುಕೊಂಡವರೆಲ್ಲ ಅವನನ್ನು ಬೆನ್ನ ಹಿಂದೆ ಎರಡ್ಬೆರಳು ಅನ್ನುತ್ತಿದ್ದರು, ಎದುರಿಗೆ ಮೇಸ್ತ್ರಿ. ಬೇರೆ ಮೆಕ್ಯಾನಿಕ್ಕುಗಳು ಕ್ಲಚ್ ಕೂರಿಸಿದ ಮೇಲೆ ಅಳತೆ ಹಿಡಿಯುತ್ತಾರೆ, ಪುಸ್ತಕ ತಿರುವುತ್ತಾರೆ. ಇವನು ಎಡಗೈಯ ತೋರುಬೆರಳು, ನಡುಬೆರಳು ಎರಡನ್ನೇ ಲಿವರಿನ ಮೇಲಿಟ್ಟು ಎಳೆಯುತ್ತಿದ್ದ. ತುಸು ಬಿಗಿಯಾಗಿ ಬಂದರೆ ಸರಿ. ಬರದೇ ಹೋದರೆ ಒಳಗಿನ ಸ್ಪ್ರಿಂಗುಗಳ ನಟ್ಟನ್ನು ಅರ್ಧ ಸುತ್ತು ಸಡಿಲಿಸುವುದು, ಸಲೀಸಾಗಿ ಬಂದುಬಿಟ್ಟರೆ ಅರ್ಧ ಸುತ್ತು ಬಿಗಿಯುವುದು. ಮೂವತ್ತೊಂದು ವರ್ಷದಿಂದ ಇದೇ ಅವನ ತಕ್ಕಡಿ. “ಕೈಗೆ ಗೊತ್ತಿರೋದನ್ನ ಸ್ಕೇಲಿಗೆ ಕೇಳೋ ದಡ್ಡ ನಾನಲ್ಲ” ಅನ್ನುತ್ತಿದ್ದ. ಅಡ್ಡಹೆಸರಿನ ಬಗ್ಗೆ ಸಿಟ್ಟಿರಲಿಲ್ಲ, ಒಳಗೊಳಗೇ ಹೆಮ್ಮೆ.

ಕೆಲಸದಲ್ಲಿ ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ರಿಪೇರಿಯಾದ ಗಾಡಿ ಮತ್ತೆ ಕೆಟ್ಟು ಬಂದರೆ ತಪ್ಪು ಮೊದಲು ಸಾಮಾನಿನದು, ಆಮೇಲೆ ಆಯಿಲಿನದು, ಕೊನೆಗೆ ಓಡಿಸುವವರದು. ಆ ಪಟ್ಟಿಯಲ್ಲಿ ಅವನ ಹೆಸರು ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಮನೆಯಲ್ಲೂ ಇದೇ ರಾಗ. ಹೆಂಡತಿ ಕಟ್ಟಿಕೊಡುವ ಊಟದ ಡಬ್ಬಿಗೆ ತಿರುಪಿನ ಮುಚ್ಚಳ. ಈಚೆಗೆ ಅವಳು ಅದನ್ನು ಸರಿಯಾಗಿ ತಿರುಗಿಸುವುದೇ ಇಲ್ಲ, ಸಾರು ಚೆಲ್ಲಿ ಚೀಲವೆಲ್ಲ ರಾಡಿ. “ಒಂದು ಮುಚ್ಚಳ ಮುಚ್ಚೋಕೆ ಬರಲ್ವಲ್ಲೇ ನಿಂಗೆ!” ಎಂದು ಅವನು ವಾರಕ್ಕೆರಡು ಸಲ ರೇಗುತ್ತಿದ್ದ. ಅವಳು ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ “ಹೂಂ, ಆಯ್ತು” ಅನ್ನುತ್ತಿದ್ದಳು. ಮರುದಿನವೂ ಮುಚ್ಚಳ ಸಡಿಲವೇ.

ಆ ಮಂಗಳವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಷ್ಟರಲ್ಲಿ ಪೆಟ್ಟಿಗೆಯಕ್ಕ ಗಾಡಿ ಸಮೇತ ಬಂದು ನಿಂತಿದ್ದಳು. ರಕ್ತನಿಧಿಯಿಂದ ಗುಡ್ಡದ ಮೇಲಿನ ಆಸ್ಪತ್ರೆಗೆ ರಕ್ತದ ಚೀಲಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಸಾಗಿಸುವುದು ಅವಳ ಕೆಲಸ, ಅದಕ್ಕೇ ಬೀದಿ ಇಟ್ಟ ಹೆಸರು ಅದು. ಗಾಡಿ ಅವಳ ಅಪ್ಪನ ಕಾಲದ್ದು. ಐದು ತಿಂಗಳಲ್ಲಿ ಮೂರು ಸಲ ಕ್ಲಚ್ ಜಾರಿತ್ತು, ಮೂರು ಸಲವೂ ಮೇಸ್ತ್ರಿ ಹೊಸ ಪ್ಲೇಟು ಹಾಕಿ ಕಳಿಸಿದ್ದ. ಇದು ನಾಲ್ಕನೆಯ ಸಲ.

“ಮತ್ತೆ ಏನಮ್ಮಾ?” ಅಂದ ಅವನು, ಮುಖ ಗಂಟಿಕ್ಕಿ.

“ನೀವು ನಮ್ಮ ಮ್ಯಾನೇಜರಿಗೆ ಏನು ಹೇಳಿದ್ರಿ ಮೇಸ್ತ್ರಿ?”

ಹೇಳಿದ್ದು ನಿಜ. ಶನಿವಾರ ಗುಡ್ಡದ ಏರಿನಲ್ಲಿ ಗಾಡಿ ಎಳೆಯದೆ ಪೆಟ್ಟಿಗೆ ಇಪ್ಪತ್ತು ನಿಮಿಷ ತಡವಾಗಿತ್ತು. ಮ್ಯಾನೇಜರ್ ಫೋನ್ ಮಾಡಿ ಕೇಳಿದಾಗ ಇವನು ಹಿಂದೆ ಮುಂದೆ ನೋಡದೆ, “ಗಾಡಿ ಕಲ್ಲುಗುಂಡು ಸಾರ್. ಆಯಮ್ಮ ಲಿವರ್ ಹಿಡ್ಕೊಂಡೇ ಏರು ಹತ್ತಿಸ್ತಾರೆ, ಪ್ಲೇಟು ಸುಡದೆ ಇನ್ನೇನಾಗುತ್ತೆ?” ಅಂದಿದ್ದ. ಇವನ ಮಾತೆಂದರೆ ಆ ಆಫೀಸಿನಲ್ಲಿ ಮುದ್ರೆ ಒತ್ತಿದ ಹಾಗೆ.

“ನಾಳೆಯಿಂದ ನನ್ನ ಕೆಲಸ ಬೇರೆಯವರಿಗಂತೆ,” ಅಂದಳು. ದನಿ ಏರಿಸಲಿಲ್ಲ. “ಓಡಿಸೋಕೆ ಬರಲ್ಲ ಅಂತ ಬರೆದಿದ್ದಾರೆ. ಹದಿಮೂರು ವರ್ಷ ಓಡಿಸಿದೀನಿ ಮೇಸ್ತ್ರಿ, ಒಂದು ಚೀಲ ಹಾಳು ಮಾಡಿಲ್ಲ. ಹಿಂದೆ ಕೂತ್ಕೊಳ್ಳಿ. ನೀವೇ ನೋಡಿ ಹೇಳಿ.”

ಅವನಿಗೆ ಮೈಯೆಲ್ಲ ಉರಿಯಿತು. ಆದರೆ ಹೂಂ ಅನ್ನದೆ ವಿಧಿಯಿರಲಿಲ್ಲ. ಪೆಟ್ಟಿಗೆ ಕಟ್ಟುವ ಜಾಗದಲ್ಲಿ ತನ್ನ ಎಂಬತ್ತು ಕಿಲೋ ಇಳಿಸಿ ಕೂತ.

ಗುಡ್ಡದ ಬುಡದವರೆಗೂ ಗಾಡಿ ಚೆನ್ನಾಗಿಯೇ ಹೋಯಿತು. ಏರು ಶುರುವಾದ ಮೇಲೆ ಅವಳು ಎರಡನೇ ಗೇರಿಗೆ ಹಾಕಿ, ಲಿವರನ್ನು ಪೂರ್ತಿ ಬಿಟ್ಟು, ಎಡಗೈಯನ್ನು ಎತ್ತಿ ಹೆಲ್ಮೆಟ್ಟಿನ ಮೇಲಿಟ್ಟುಕೊಂಡಳು. ಬಲಗೈಯಲ್ಲಿ ಆಕ್ಸಿಲರೇಟರ್ ತಿರುಗಿಸಿದಳು. ಇಂಜಿನ್ ಬಾಯಿ ಬಡಿದುಕೊಳ್ಳತೊಡಗಿತು. ಚಕ್ರಕ್ಕೆ ಮಾತ್ರ ಆ ಸುದ್ದಿಯೇ ಮುಟ್ಟಲಿಲ್ಲ. ಅಡಿಕೆ ಹಾಳೆಯ ಕಟ್ಟು ಹೇರಿಕೊಂಡು ತಳ್ಳುಗಾಡಿ ತಳ್ಳುತ್ತಿದ್ದವನೊಬ್ಬ ಪಕ್ಕದಲ್ಲೇ ನಡೆದು ಮುಂದೆ ಹೋದ. ಹೋಗುತ್ತಾ ಇಬ್ಬರನ್ನೂ ಒಮ್ಮೆ ತಿರುಗಿ ನೋಡಿದ.

“ಲಿವರ್ ಹಿಡ್ದಿದೀನಾ ಮೇಸ್ತ್ರಿ?” ಎಂದು ಅವಳು ಕೂಗಿ ಕೇಳಿದಳು.

“ಇಲ್ಲ ಕಣಮ್ಮ,” ಅಂದ. “ಸಾಕು, ಗಾಡಿ ತಿರುಗಿಸು.”

ಶೆಡ್ಡಿಗೆ ಬಂದವನೇ ಕೆಲಸಕ್ಕಿಳಿದ. ಲಿವರಿನ ತುದಿಯಲ್ಲಿ ಒಂದು ನಾಣ್ಯದ ದಪ್ಪದಷ್ಟು ಸಡಿಲ ಇರಬೇಕು, ಇತ್ತು. ಅಂದರೆ ಕೇಬಲ್ಲು ಸರಿ. ಆಯಿಲನ್ನು ಬೆರಳಿಗೆ ಹಚ್ಚಿ ತಿಕ್ಕಿ ಮೂಸಿದ, ಅದೂ ಸರಿ. ಕೆಳಗೆ ತಟ್ಟೆಯಿಟ್ಟು ಆಯಿಲ್ ಇಳಿಸಿ, ಕವರ್ ಬಿಚ್ಚಿ, ಪ್ಲೇಟುಗಳನ್ನು ಒಂದೊಂದಾಗಿ ಹೊರತೆಗೆದು ಪೇಪರಿನ ಮೇಲೆ ಸಾಲಾಗಿ ಇಟ್ಟ. ಅಳತೆಗೋಲು ಕಂಡರೆ ಆಗದವನು ಆವತ್ತು ಡ್ರಾಯರಿನ ಮೂಲೆಯಿಂದ ವರ್ನಿಯರ್ ಹುಡುಕಿ ಧೂಳು ಒರೆಸಿದ. ಪ್ಲೇಟಿನ ದಪ್ಪ ಕೂದಲೆಳೆಯಷ್ಟೂ ಕಡಿಮೆಯಿರಲಿಲ್ಲ, ಮೈ ಮಾತ್ರ ಉಜ್ಜಿ ಹೊಳಪೇರಿತ್ತು. ಉಕ್ಕಿನ ಪ್ಲೇಟುಗಳನ್ನು ಗಾಜಿನ ಮೇಲೆ ಮಲಗಿಸಿದ, ಒಂದೂ ಸೊಟ್ಟಗಿರಲಿಲ್ಲ. ನಾಲ್ಕು ಸ್ಪ್ರಿಂಗನ್ನು ಪಕ್ಕಪಕ್ಕ ನಿಲ್ಲಿಸಿದ, ನಾಲ್ಕೂ ಒಂದೇ ಎತ್ತರ.

ಸಾಮಾನಿನ ತಪ್ಪಲ್ಲ, ಆಯಿಲಿನ ತಪ್ಪಲ್ಲ, ಓಡಿಸುವವಳ ತಪ್ಪೂ ಅಲ್ಲ. ಪಟ್ಟಿ ಮುಗಿದುಹೋಯಿತು. ಪೆಟ್ಟಿಗೆಯಕ್ಕ ಹಳೇ ಟೈರಿನ ಮೇಲೆ ಕೂತು ನೋಡುತ್ತಿದ್ದಳು.

ಆಗ ನೆನಪಾಯಿತು: ಸ್ಪ್ರಿಂಗಿನ ನಟ್ಟುಗಳು ಬಿಚ್ಚುವಾಗ ಮೂರೇ ಸುತ್ತು ತಿರುಗಿಸಿದ್ದಕ್ಕೆ ಕೈಗೆ ಬಂದಿದ್ದವು. ಐದಾರು ಸುತ್ತಾದರೂ ತೆಗೆದುಕೊಳ್ಳಬೇಕಿತ್ತು. ಅವನಿಗೆ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದುದು ಒಂದೇ ಮಾತು: ಬೋಲ್ಟಿನ ತುದಿ, ನಟ್ಟಿನ ಮುಖ ಸಮ ಬರುವವರೆಗೆ ಬಿಗಿ, ಆಮೇಲೆ ನಿನ್ನ ಬೆರಳಿನ ಆಟ. ಹೊಳಪಾದ ಪ್ಲೇಟುಗಳನ್ನು ಪಾಲೀಷ್ ಪೇಪರಿನಲ್ಲಿ ಉಜ್ಜಿ, ಎಲ್ಲವನ್ನೂ ಒಳಗೆ ಕೂರಿಸಿ, ಅವನು ನಟ್ಟುಗಳನ್ನು ಮುದುಕ ಹೇಳಿದಷ್ಟಕ್ಕೇ ಬಿಗಿದ. ಕವರ್ ಮುಚ್ಚಿ, ಆಯಿಲ್ ತುಂಬಿ, ಕೇಬಲ್ ಸಿಕ್ಕಿಸಿದ. ಎರಡು ಬೆರಳನ್ನು ಲಿವರಿನ ಮೇಲಿಟ್ಟು ಎಳೆದ.

ಲಿವರ್ ಜಪ್ಪಯ್ಯ ಅಂದರೂ ಬರಲಿಲ್ಲ.

ಹಲ್ಲು ಕಚ್ಚಿ ಎಳೆದ. ಬೆರಳ ತುದಿಗಳು ಬೆಳ್ಳಗಾದವು. ಲಿವರ್ ಅರ್ಧಕ್ಕೆ ಬಂದು ನಿಂತಿತು.

“ಬಾಮ್ಮಾ ಇಲ್ಲಿ,” ಅಂದ. “ಎರಡೇ ಬೆರಳಲ್ಲಿ ಎಳಿ ನೋಡೋಣ.”

ಅವಳು ಎದ್ದು ಬಂದು ಎಳೆದಳು. ಲಿವರ್ ತುಸು ಬಿಗಿಯಾಗಿ, ಪೂರ್ತಿ, ಹಿಡಿಯವರೆಗೂ ಬಂತು.

“ಅಯ್ಯೋ, ಅಪ್ಪ ಇದ್ದಾಗ ಹೀಗೇ ಇತ್ತು!” ಅಂದಳು. “ಈ ಮೂರು ಸಲವೂ ಬೆಣ್ಣೆ ಥರ ಮಾಡಿ ಕೊಟ್ಟಿದ್ರಲ್ಲ. ಹೆಂಗಸು ಓಡಿಸೋದು ಅಂತ ಬೇಕಂತಲೇ ಹಗುರ ಮಾಡಿದೀರೇನೋ ಅಂದ್ಕೊಂಡಿದ್ದೆ.”

ಅವನು ತನ್ನ ಎಡಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡ. ಹೆಬ್ಬೆರಳಿನ ಬುಡದ ದಿಂಡು ಸೊರಗಿತ್ತು. ಬಲಗೈ ಪಕ್ಕದಲ್ಲಿಟ್ಟರೆ ಎರಡೂ ಒಬ್ಬನವೇ ಎಂದು ನಂಬುವ ಹಾಗಿರಲಿಲ್ಲ. ಬೆಳಿಗ್ಗೆ ಎದ್ದಾಗ ಜುಮುಗುಡುತ್ತಿತ್ತು, ನಿಜ. ಕೊಡವಿಕೊಂಡು ಕೆಲಸಕ್ಕೆ ಬರುತ್ತಿದ್ದ. ಸ್ಪ್ಯಾನರ್ ಹಿಡಿಯುವುದು ಬಲಗೈ, ಅದಕ್ಕೇನೂ ಆಗಿರಲಿಲ್ಲ. ಎಡಗೈಗೆ ಇದ್ದದ್ದೇ ಒಂದು ಕೆಲಸ, ತೂಗುವುದು. ಅದು ಸೋಲುತ್ತಾ ಹೋದಂತೆ ಅವನು ಊರಿನ ಹಳೇ ಗಾಡಿಗಳ ಸ್ಪ್ರಿಂಗನ್ನೆಲ್ಲ ಅದಕ್ಕೆ ತಕ್ಕಂತೆ ಸಡಿಲಿಸುತ್ತಾ ಬಂದಿದ್ದ. ಸಡಿಲ ಸ್ಪ್ರಿಂಗು ಪ್ಲೇಟುಗಳನ್ನು ಒತ್ತಿ ಹಿಡಿಯುವುದಿಲ್ಲ, ಏರಿನಲ್ಲಿ ಅವು ಜಾರುತ್ತವೆ. ತಗ್ಗಿನಲ್ಲಿ ಓಡಿಸುವವರಿಗೆ ಅದು ತಿಳಿದಿರಲಿಲ್ಲ. ಇವಳಿಗೆ ದಿನಕ್ಕೆ ನಾಲ್ಕು ಸಲ ಗುಡ್ಡ.

“ಏನಾಗಿತ್ತು ಮೇಸ್ತ್ರಿ?”

“ಸ್ಪ್ರಿಂಗು…” ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಗಾಡಿ ಸರಿಯಾಗಿತ್ತು. ಸ್ಪ್ರಿಂಗ್ ಸೋತಿತ್ತು ಸಾರ್, ಈಗ ಸರಿ ಮಾಡಿದೆ, ಅಂದುಬಿಟ್ಟರೆ ಅವಳ ಕೆಲಸವೂ ಉಳಿಯಬಹುದು, ಇವನ ಹೆಸರೂ ಉಳಿಯಬಹುದು. ಆ ಆಸೆ ಗಂಟಲವರೆಗೂ ಬಂದಿತ್ತು. ಆದರೆ ಎದುರಿಗೇ ಪೇಪರಿನ ಮೇಲೆ, ಅವು ನಿಂತಿದ್ದ ಜಾಗದಲ್ಲಿ, ಸ್ಪ್ರಿಂಗುಗಳ ನಾಲ್ಕು ಆಯಿಲ್ ಉಂಗುರಗಳಿದ್ದವು. ನಾಲ್ಕೂ ಒಂದೇ ಎತ್ತರ ನಿಂತಿದ್ದನ್ನು ಅವಳೂ ನೋಡಿದ್ದಳು. ಅವನಿಗೆ ನಾಚಿಕೆಯಾಯಿತು, ಬರೀ ನಾಚಿಕೆ.

“ಸ್ಪ್ರಿಂಗಿಗೆ ಏನೂ ಆಗಿಲ್ಲ. ಫೋನ್ ಹಚ್ಚಿ ಕೊಡು ನಿಮ್ಮ ಮ್ಯಾನೇಜರಿಗೆ.”

ಅವಳು ಹಚ್ಚಿ ಕೊಟ್ಟಳು.

“ಸಾರ್, ನಾನು, ಮೇಸ್ತ್ರಿ. ಮೊನ್ನೆ ಹೇಳಿದ್ದು ಸುಳ್ಳು. ಆಯಮ್ಮನ ಓಡಿಸೋದ್ರಲ್ಲಿ ಎಳ್ಳಷ್ಟೂ ತಪ್ಪಿಲ್ಲ, ಹಿಂದೆ ಕೂತು ನೋಡ್ಕೊಂಡು ಬಂದೆ. ನನ್ನ ಎಡಗೈಯಲ್ಲಿ ಶಕ್ತಿ ಇಲ್ಲ ಸಾರ್. ಆ ಕೈಯಲ್ಲಿ ಕ್ಲಚ್ ಅಳೆದು ಕೊಡ್ತಿದ್ದೆ… ಹೌದು, ನಿಮ್ಮ ಮಿಕ್ಕ ನಾಲ್ಕು ಗಾಡಿನೂ ನಾನೇ ಮಾಡಿರೋದು. ಅವನ್ನೂ ಕಳಿಸಿ, ಬಿಗಿದು ಕೊಡ್ತೀನಿ.”

 ಆ ಕಡೆಯಿಂದ ಮ್ಯಾನೇಜರ್, ಬರೆದಿದ್ದನ್ನು ವಾಪಸ್ ತಗೋತೀನಿ ಅಂದರು. ಮಿಕ್ಕ ಗಾಡಿಗಳನ್ನು ಬೇರೆ ಕಡೆ ತೋರಿಸ್ತೀವಿ, ತಪ್ಪು ತಿಳೀಬೇಡಿ ಅಂತಲೂ ಅಂದರು.

“ಸರಿ ಸಾರ್,” ಅಂದು ಅವನು ಫೋನನ್ನು ಹಿಂದಕ್ಕೆ ಕೊಟ್ಟ.

ಪೆಟ್ಟಿಗೆಯಕ್ಕ ಫೋನನ್ನು ಜೇಬಿಗೆ ಹಾಕಿಕೊಂಡಳು. ಬೈಯಲೆಂದೇ ಬಂದಿದ್ದವಳು. “ಡಾಕ್ಟರಿಗೆ ತೋರಿಸಿ ಮೇಸ್ತ್ರಿ, ಹಾಗೇ ಬಿಡಬೇಡಿ,” ಅಂದಳು. “ನಾಳೆ ಬೆಳಿಗ್ಗೆ ಮೇಲೆ ಹೋಗುವಾಗ ನಾನೇ ಕರ್ಕೊಂಡು ಹೋಗ್ತೀನಿ.” ಅವನು ನೆಲದ ಮೇಲಿದ್ದ ಆಯಿಲ್ ತಟ್ಟೆ ಎತ್ತಿಟ್ಟ. ಅವಳು ಹೊರಟ ಮೇಲೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಏರಿನಲ್ಲಿ ಇಂಜಿನ್ ಸದ್ದು ಎಲ್ಲೂ ಕಿರುಚದೆ, ಒಂದೇ ಸಮ, ತಿರುವು ದಾಟುವವರೆಗೂ ಕೇಳಿಸಿತು.

ಊಟದ ಹೊತ್ತಿಗೆ ಡಬ್ಬಿ ಕೈಗೆತ್ತಿಕೊಂಡ. ಮುಚ್ಚಳ ಎಂದಿನಂತೆ ಸುಮ್ಮನೆ ಮೇಲೆ ಕೂತಿತ್ತು. ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಡಬ್ಬಿಯನ್ನು ಮೊಣಕಾಲ ಸಂದಿಯಲ್ಲಿ ಇರುಕಿಸಿ, ಬಲಗೈಯಿಂದ ಮುಚ್ಚಳ ಬಿಗಿಯಾಗಿ ತಿರುಗಿಸಿದ. ಆಮೇಲೆ ಎಡಗೈಯಲ್ಲಿ ಡಬ್ಬಿ ಹಿಡಿದು ಬಿಚ್ಚಲು ನೋಡಿದ. ಮುಚ್ಚಳದ ಜೊತೆ ಡಬ್ಬಿಯೂ ತಿರುಗಿತು. ಇನ್ನೊಮ್ಮೆ ನೋಡಿದ, ಮತ್ತೂ ಒಮ್ಮೆ. ಡಬ್ಬಿಯನ್ನು ಚೀಲಕ್ಕೆ ಹಾಕಿ, ಶೆಡ್ಡಿಗೆ ಬೀಗ ಜಡಿದು ಮನೆಗೆ ನಡೆದ.

ಹೆಂಡತಿ ಮಿಷನ್ನಿನ ಮುಂದೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಏನ್ರೀ ಇಷ್ಟು ಬೇಗ? ಊಟ ಮಾಡ್ಲಿಲ್ವಾ?”

“ಮುಚ್ಚಳ ಯಾವಾಗಿಂದ ಸಡಿಲ ಬಿಡ್ತಿದೀಯಾ?”

ಅವಳು ದಾರ ಕೆಳಗಿಟ್ಟಳು. “ಒಂದು ವರ್ಷ ಆಯ್ತು. ಆವತ್ತೊಂದಿನ ಡಬ್ಬಿ ತೆರೀದೇ ವಾಪಸ್ ತಂದಿದ್ರಿ. ಹಸಿವಿಲ್ಲ ಅಂದ್ರಿ. ಮುಚ್ಚಳದ ಸುತ್ತ ನಿಮ್ಮ ಗ್ರೀಸು ಬೆರಳಿನ ಗುರುತು ಇತ್ತು.”

“ಬಾಯಿಬಿಟ್ಟು ಹೇಳೋಕೇನಾಗಿತ್ತೇ ನಿಂಗೆ?”

“ಹೇಳಿದ್ರೆ ಕೇಳ್ತಿದ್ರಾ? ನೀನೇ ಗಟ್ಟಿಯಾಗಿ ಮುಚ್ಚಿದೀಯ ಅಂತ ನನ್ನ ಮೇಲೇ ಹಾರ್ತಿದ್ರಿ.” ಸ್ವಲ್ಪ ತಡೆದು ಸೇರಿಸಿದಳು, “ಚೆಲ್ಲಿದ್ರೆ ಚೆಲ್ಲಲಿ, ಊಟ ಆಗುತ್ತಲ್ಲ ಅಂತ ಸುಮ್ಮನಾದೆ.”

ಒಂದು ವರ್ಷದ ಬೈಗುಳವನ್ನೆಲ್ಲ ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಅವನಿಗೆ ದುಃಖ ಉಕ್ಕಿ ಬಂತು. ಅವಳ ಎದುರಿಗಿದ್ದ ಸ್ಟೂಲಿನ ಮೇಲೆ ಕೂತು, ಚೀಲದಿಂದ ಡಬ್ಬಿ ತೆಗೆದು ಮುಂದೆ ಚಾಚಿದ.

“ಬಿಗಿಯಾಗಿದೆ,” ಅಂದ. “ತೆಗೆದುಕೊಡು.”