ಬಾಯಿ ತುಂಬ ನೀರು

ಮೇಷ್ಟ್ರಿಗೆ ಎಲ್ಲವೂ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ವರ್ಷಗಟ್ಟಲೆ ಪ್ರೋಗ್ರಾಂ ಬರೆದ ಕಂಪನಿ ಬಾಗಿಲು ಹಾಕಿದ ಮೇಲೆ ಅವರು ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಎರಡು ಪರದೆ, ಕಿವಿಗೊಂದು ಹೆಡ್‌ಫೋನ್ ಹೊಂದಿಸಿಕೊಂಡು, ಕೋಡ್ ಬರೆಯುವವರಿಗೆ ಆನ್‌ಲೈನಿನಲ್ಲಿ ಗಂಟೆಯ ಲೆಕ್ಕದಲ್ಲಿ ಮಾರ್ಗದರ್ಶನ ಮಾಡಲು ಕುಳಿತರು. ಮೇಷ್ಟ್ರು ಎಂಬ ಹೆಸರು ಕೊಟ್ಟವಳು ಹೆಂಡತಿ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಅವರು ಕೆದಕಲು ಹೋಗಲಿಲ್ಲ. ಒಳ್ಳೆಯದೇ ಮಾಡಿದರು.

ಶಿಷ್ಯ "ಸರ್, ಇಲ್ಲೊಂದು..." ಎಂದು ಬಾಯಿ ತೆರೆಯುವುದೇ ತಡ, ಮೇಷ್ಟ್ರು "ಗೊತ್ತಾಯ್ತು, ಗೊತ್ತಾಯ್ತು" ಎನ್ನುತ್ತ ಅವನ ಪರದೆಯನ್ನು ಇಲ್ಲಿಂದಲೇ ತಮ್ಮ ವಶಕ್ಕೆ ತೆಗೆದುಕೊಂಡು ಪಟಪಟನೆ ಸರಿಮಾಡಿಬಿಡುತ್ತಿದ್ದರು. ಮಾಡಿದ್ದು ಯಾಕೆ ಎಂದೂ ಹೇಳುತ್ತಿದ್ದರು, ಉಸಿರು ಬಿಡದೆ. ಶಿಷ್ಯ ಕೈಕಟ್ಟಿ ಕೂತು, ಹೂಂಗುಟ್ಟಿ, ಹಣ ಕೊಟ್ಟು ಹೋಗುತ್ತಿದ್ದ. ಮಾರನೆಯ ದಿನ ಆಫೀಸಿನಲ್ಲಿ ಅಂಥದ್ದೇ ಇನ್ನೊಂದು ತೊಡಕು ಬಂದರೆ ಕಣ್ಣು ಕಣ್ಣು ಬಿಡುತ್ತಿದ್ದ. ಹೀಗೆ ಒಬ್ಬೊಬ್ಬರಾಗಿ ಜಾರಿಕೊಂಡರು. ಹೋಗುವಾಗ ಒಬ್ಬ ಎಲ್ಲರಿಗೂ ಕಾಣುವಂತೆ ಬರೆದಿಟ್ಟ: "ಗುರುಗಳು ಮಹಾ ಜ್ಞಾನಿಗಳು. ನಾನು ಮಾತ್ರ ಹೇಗಿದ್ದೆನೋ ಹಾಗೇ ಇದ್ದೇನೆ."

ಉಳಿದವರು ಒಬ್ಬರೇ, ಲೈಬ್ರರಿ ಮೇಡಂ. ಅರ್ಧ ಆಯುಸ್ಸು ಪುಸ್ತಕ ಕೊಟ್ಟು ಪುಸ್ತಕ ಇಸಿದುಕೊಂಡು ಕಳೆದವರು ಈಗ ಪ್ರೋಗ್ರಾಂ ಕಲಿಯುತ್ತಿದ್ದರು. ಪ್ರತಿ ಮಾತಿಗೂ ಮುಂಚೆ "ತಪ್ಪಿದ್ರೆ ಕ್ಷಮಿಸಿ ಸರ್" ಅನ್ನುವ ಅಭ್ಯಾಸ. ಮೇಷ್ಟ್ರು ಅವರಿಗೆ ಆ ಮಾತನ್ನಾದರೂ ಪೂರ್ತಿ ಮಾಡಲು ಬಿಟ್ಟದ್ದು ಕಡಿಮೆ.

ಇಂಥ ಹೊತ್ತಿನಲ್ಲಿ ಒಂದು ದೊಡ್ಡ ಕಂಪನಿಯ ತರಬೇತಿ ಮುಖ್ಯಸ್ಥೆ ಫೋನ್ ಮಾಡಿದರು. ಹೊಸದಾಗಿ ಸೇರಿದವರಿಗೆಲ್ಲ ಒಬ್ಬ ಮಾರ್ಗದರ್ಶಕ ಬೇಕು, ವರ್ಷಪೂರ್ತಿ ಕೆಲಸ. ಆದರೆ ಮೊದಲು ನಿಮ್ಮ ಒಂದು ಪಾಠ ನೋಡಬೇಕು ಎಂದರು. ಇದು ಸಿಕ್ಕರೆ ಕೋಣೆ ಉಳಿಯಿತು; ಇಲ್ಲದಿದ್ದರೆ ಮೇಜು ಮಾರಿ ಯಾವುದಾದರೂ ಅಂಗಡಿಯ ಕಂಪ್ಯೂಟರ್ ರಿಪೇರಿಗೆ ಹೋಗುವುದೇ.

"ನೀವು ಅರ್ಧ ಗಂಟೆ ಸುಮ್ನಿದ್ರೆ ಸಾಕು, ಕೆಲಸ..." ಎಂದಳು ಹೆಂಡತಿ. ಆಕೆ ಹಲ್ಲಿನ ಡಾಕ್ಟರು.

"ಸುಮ್ನಿರೋದೇನು ಮಹಾ!"

"ಈಗಷ್ಟೇ ನನ್ನ ಮಾತು ಮುಗಿಯೋಕೆ ಮುಂಚೆ ಬಾಯಿ ಹಾಕಿದ್ರಿ. ರೀ, ನನ್ನ ಕುರ್ಚೀಲಿ ಕೂರೋರು ಯಾರೂ ವಾದ ಮಾಡಲ್ಲ, ಯಾಕೆ ಹೇಳಿ? ಬಾಯಿ ಖಾಲಿ ಇರಲ್ಲ. ನೀವೂ ಬಾಯಿ ತುಂಬ ನೀರು ಇಟ್ಕೊಂಡು ಕೂತ್ಕೊಳ್ಳಿ. ನುಂಗಬೇಡಿ, ಉಗಿಯಬೇಡಿ."

ಬೇರೆ ದಾರಿ ಕಾಣದೆ ಮೇಷ್ಟ್ರು ಒಪ್ಪಿದರು. ಪಾಠದ ದಿನ "ನಮಸ್ಕಾರ, ಶುರು ಮಾಡಿ" ಎಂದವರೇ ಕೆಳಗೆ ಬಗ್ಗಿ, ಲೋಟ ಎತ್ತಿ, ಎರಡೂ ಕೆನ್ನೆ ಉಬ್ಬುವಷ್ಟು ನೀರು ತುಂಬಿಕೊಂಡು ಮೇಲೆದ್ದರು. ಪರದೆಯ ಒಂದು ಮೂಲೆಯಲ್ಲಿ ಲೈಬ್ರರಿ ಮೇಡಂ, ಇನ್ನೊಂದು ಮೂಲೆಯಲ್ಲಿ ಕನ್ನಡಕದ ಮುಖ್ಯಸ್ಥೆ.

"ತಪ್ಪಿದ್ರೆ ಕ್ಷಮಿಸಿ ಸರ್," ಲೈಬ್ರರಿ ಮೇಡಂ ಶುರುಮಾಡಿದರು. "ಪುಸ್ತಕ ವಾಪಸ್ ಕೊಡದವರಿಗೆ ನೆನಪಿನ ಸಂದೇಶ ಹೋಗಬೇಕು. ಹೋಗ್ತಿದೆ. ಆದ್ರೆ ಒಬ್ಬೊಬ್ಬರಿಗೂ ಎರಡೆರಡು ಸಲ ಹೋಗ್ತಿದೆ."

ಮೇಷ್ಟ್ರ ಕಣ್ಣು ಕೋಡಿನ ಮೇಲೆ ಹರಿಯಿತು. ಸಿಕ್ಕಿತು! 'ಕಳಿಸು' ಎಂಬ ಆಜ್ಞೆ ಎರಡು ಕಡೆ ಇದೆ. ಎರಡು ಕಡೆ ಇದ್ದರೆ ಎರಡು ಸಲ ಹೋಗದೆ ಇನ್ನೇನು? ಒಂದನ್ನು ಅಳಿಸಿದರೆ ಮುಗಿಯಿತು. ಉತ್ತರ ಗಂಟಲಿನವರೆಗೆ ಬಂತು, ನೀರು ತಡೆಯಿತು.

ಮೇಡಂ ಸಾಲು ಸಾಲಾಗಿ ಜೋರಾಗಿ ಓದಿದರು. ಆ ಜಾಗವನ್ನು ದಾಟಿ ಮುಂದೆ ಹೋದರು. ಮೇಷ್ಟ್ರಿಗೆ ಜೀವ ಹಿಂಡಿದಂತಾಯಿತು. ಕೆನ್ನೆ ಕೆಂಪಾಯಿತು, ಕಣ್ಣಲ್ಲಿ ನೀರಾಡಿತು.

"ನೀವ್ಯಾಕೆ ಏನೂ ಹೇಳ್ತಿಲ್ಲ?" ಮುಖ್ಯಸ್ಥೆ ಕೇಳಿದರು.

ಮೇಷ್ಟ್ರು ಕಣ್ಣು ಮುಚ್ಚಿ ಒಂದು ಅಂಗೈ ಎತ್ತಿದರು. ಮುಖ್ಯಸ್ಥೆ ಅದನ್ನು ದೊಡ್ಡ ಅರ್ಥದಲ್ಲಿ ತೆಗೆದುಕೊಂಡು ತಲೆದೂಗಿದರು.

ತಡೆಯುವವರು ಯಾರೂ ಇಲ್ಲದ್ದರಿಂದ ಲೈಬ್ರರಿ ಮೇಡಂ ಮಾತಾಡುತ್ತಲೇ ಹೋದರು. ಕ್ಷಮಿಸಿ ಅನ್ನುವುದು ಯಾವಾಗಲೋ ಬಿಟ್ಟುಹೋಗಿತ್ತು. "ಎರಡು ಸಂದೇಶಾನೂ ತೆಗೆದು ನೋಡ್ತೀನಿ. ಒಂದ್ರಲ್ಲಿ 'ಪ್ರಿಯ ಓದುಗರೇ' ಅಂತಿದೆ. ಇನ್ನೊಂದ್ರಲ್ಲಿ 'ಮಾನ್ಯ ಓದುಗರೇ'. ಅರೆ! ಮಾನ್ಯ ಅನ್ನೋದನ್ನ ನಾನೇ ಇವತ್ತು ಬೆಳಿಗ್ಗೆ ಪ್ರಿಯ ಅಂತ ಮಾಡಿದ್ದೆ. ಈ ಕೋಡಲ್ಲಿ ಮಾನ್ಯ ಅನ್ನೋದೇ ಇಲ್ಲ. ಮತ್ತೆ ಇದನ್ನ ಕಳಿಸ್ತಿರೋರು ಯಾರು?" ಪರದೆಯಲ್ಲಿ ತೆರೆದಿದ್ದ ಕಿಟಕಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡರು. "ಅಯ್ಯೋ, ನಿನ್ನೆ ಓಡಿಸಿದ ಪ್ರೋಗ್ರಾಂನ ನಿಲ್ಲಿಸೇ ಇಲ್ಲ! ಇನ್ನೊಂದು ಕಿಟಕೀಲಿ ಅದರ ಪಾಡಿಗೆ ಅದು ಓಡ್ತಿದೆ. ಹೊಸದೂ ಕಳಿಸುತ್ತೆ, ಹಳೇದೂ ಕಳಿಸುತ್ತೆ."

ಹಳೆಯದನ್ನು ನಿಲ್ಲಿಸಿದರು. ಈ ಬಾರಿ ಸಂದೇಶ ಒಂದೇ ಹೋಯಿತು. ಮೇಡಂ ಮುಖ ನೋಡಬೇಕಿತ್ತು.

ಮೇಷ್ಟ್ರು ಗುಟುಕ್ಕನೆ ನೀರು ನುಂಗಿದರು. ಕೋಡಿನಲ್ಲಿ ತಪ್ಪೇ ಇರಲಿಲ್ಲ. ಬಾಯಿ ಖಾಲಿ ಇದ್ದಿದ್ದರೆ ಅವರು ಸರಿಯಾದ ಸಾಲನ್ನು ಅಳಿಸಿ ಕೆಡಿಸುತ್ತಿದ್ದರು, ಮೇಡಂ ಅದಕ್ಕೂ ಹೂಂಗುಟ್ಟುತ್ತಿದ್ದರು. ಹಿಂದೆ ಇಂಥದ್ದು ಎಷ್ಟು ಆಗಿಹೋಗಿದೆಯೋ ಎಂದು ಮೇಷ್ಟ್ರಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಅದ್ಭುತ!" ಎಂದರು ಮುಖ್ಯಸ್ಥೆ. "ನಿಮಗೆ ಮೊದಲೇ ಗೊತ್ತಿತ್ತು, ಆದ್ರೂ ಬಾಯಿ ಬಿಡಲಿಲ್ಲ. ಎಂಥ ಸಂಯಮ! ಇಂಥವರೇ ಬೇಕಿತ್ತು ನಮಗೆ."

ನಗುಮುಖ ಮಾಡಿ ಸುಮ್ಮನೆ ಕೂತಿದ್ದರೆ ಸಾಕಿತ್ತು. ವರ್ಷದ ಅನ್ನ ಎದುರಿಗೆ ಬಂದು ಕೂತಿತ್ತು. ಹೆಂಡತಿ ಹೇಳಿದ್ದೂ ಅದನ್ನೇ, ಸುಮ್ಮನಿರಿ ಎಂದು. ಆದರೆ ಪರದೆಯ ಮೂಲೆಯಲ್ಲಿ ಲೈಬ್ರರಿ ಮೇಡಂ ಇನ್ನೂ ನಗುತ್ತಿದ್ದರು. ಅದು ಅವರ ಸ್ವಂತ ಗೆಲುವು. ಅದನ್ನು ಕಿಸೆಗೆ ಹಾಕಿಕೊಳ್ಳಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ.

"ಇಲ್ಲ ಮೇಡಂ. ನಂಗೆ ಗೊತ್ತಿರಲಿಲ್ಲ. ನಾನು ಅಂದ್ಕೊಂಡಿದ್ದೇ ಬೇರೆ, ಅದೂ ತಪ್ಪು. ಬಾಯಲ್ಲಿ ನೀರಿತ್ತು, ಅದಕ್ಕೇ ಮಾತಾಡಲಿಲ್ಲ," ಎಂದು ಮುಖ್ಯಸ್ಥೆಗೆ ಖಾಲಿ ಲೋಟ ಎತ್ತಿ ತೋರಿಸಿದರು.

ಮುಖ್ಯಸ್ಥೆ ಕನ್ನಡಕ ತೆಗೆದರು.

"ನೀವು ಏನಂದ್ಕೊಂಡಿದ್ರಿ ಸರ್?" ಲೈಬ್ರರಿ ಮೇಡಂ ಮೆಲ್ಲಗೆ ಕೇಳಿದರು.

"'ಕಳಿಸು' ಅನ್ನೋದು ಎರಡು ಕಡೆ ಇದೆಯಲ್ಲ, ಎರಡೂ ಓಡ್ತಿದೆ ಅಂತ..."

"ಹೂಂ. ಆಮೇಲೆ?"

"ಮೇಲಿನದು ಒಂದು ವಾರ ತಡ ಮಾಡಿದವರಿಗೆ. ಕೆಳಗಿನದು ತಿಂಗಳು ದಾಟಿದವರಿಗೆ..." ಮೇಷ್ಟ್ರು ತಡವರಿಸಿದರು.

ಮೇಡಂಗೆ ಉತ್ತರ ಗೊತ್ತಿತ್ತು. ಆ ಸಾಲುಗಳನ್ನು ಬರೆದವರೇ ಅವರು. ಆದರೂ ಗಲ್ಲಕ್ಕೆ ಕೈಕೊಟ್ಟು ಕಾಯುತ್ತ ಕೂತರು, ಬಾಯಲ್ಲಿ ನೀರಿನ ಸಹಾಯವೇನೂ ಇಲ್ಲದೆ.

"ಹಾಗಾದ್ರೆ ಒಬ್ಬರಿಗೆ ಯಾವುದಾದ್ರೂ ಒಂದೇ ಓಡೋದು," ಎಂದರು ಮೇಷ್ಟ್ರು ಕೊನೆಗೆ.

"ಹೌದು ಸರ್," ಎಂದರು ಮೇಡಂ.

ಮುಖ್ಯಸ್ಥೆ ಕನ್ನಡಕ ಮತ್ತೆ ಏರಿಸಿಕೊಂಡರು. "ಹೊಸಬರು ಆಮೇಲೆ ಬರಲಿ. ಅವರಿಗೆ ಮಾತು ಮುಗಿಸೋಕೂ ಬಿಡದ ಸೀನಿಯರ್‌ಗಳು ಒಂದು ಮಹಡಿ ತುಂಬ ಇದ್ದಾರೆ ನಮ್ಮಲ್ಲಿ, ಮೊದಲು ಅವರನ್ನ ಕಳಿಸ್ತೀನಿ. ನೀವಿಬ್ಬರೂ ಸೇರಿ ಕಲಿಸಿ. ಮೇಡಂಗೂ ಸಂಬಳ ಕೊಡ್ತೀವಿ."